ಪ್ರತಿಗಳ ಸಂತೆಯಲ್ಲಿ ಮೂಲಪಾಠ: ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರದ ಪುನಃಸ್ಥಾಪನೆ

ಕೃತಿಯೊಂದು ನಷ್ಟವಾಗುವ ಬಗೆ ಎರಡು. ಒಂದು ಪ್ರತಿಯೂ ಉಳಿಯದೆ ಹೋಗುವುದು ಮೊದಲನೆಯದು. ಕನ್ನಡದ ಮೊದಲ ವಾಕ್ಚಿತ್ರವಾದ, 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ ಇಂತಹ ನಷ್ಟಕ್ಕೆ ನಾವೆಲ್ಲ ಬಲ್ಲ ನಿದರ್ಶನ. ಕೊಲ್ಲಾಪುರದ ಸ್ಟುಡಿಯೋದಲ್ಲಿ ಚಿತ್ರಿತವಾದ ಆ ಚಿತ್ರವನ್ನು ಇಂದು ನೋಡುವ ಮಾರ್ಗವಿಲ್ಲ. ಎರಡನೆಯ ಬಗೆಯ ನಷ್ಟ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಪ್ರತಿಗಳಿಗೆ ಕೊರತೆಯೇ ಇರುವುದಿಲ್ಲ. ಅಂಗಡಿ ಅಂಗಡಿಯಲ್ಲಿ, ಮನೆ ಮನೆಯಲ್ಲಿ ಕೃತಿ ದೊರೆಯುತ್ತಿರುತ್ತದೆ. ಆದರೆ ದೊರೆಯುವುದೆಲ್ಲ ಪ್ರತಿಯ ಪ್ರತಿಯಾಗಿ, ಮೂಲದಲ್ಲಿ ಏನಿತ್ತೆಂಬುದೇ ಕ್ರಮೇಣ ಮರೆತುಹೋಗುತ್ತದೆ. ಜಾರ್ಜ್ ಎ. ರೊಮೆರೊ ನಿರ್ದೇಶಿಸಿದ ಅಮೆರಿಕದ ಚಿತ್ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ (1968) ಸುಮಾರು ಅರ್ಧ ಶತಮಾನ ಈ ಎರಡನೆಯ ಸ್ಥಿತಿಯಲ್ಲಿತ್ತು. 2016ರಲ್ಲಿ ಪೂರ್ಣಗೊಂಡ ಅದರ ಪುನಃಸ್ಥಾಪನೆಯೂ ಅನಂತರ ಮನೆಯ ವೀಕ್ಷಣೆಗಾಗಿ ಹೊರಬಂದ ಆವೃತ್ತಿಯೂ ಕೇವಲ ತಾಂತ್ರಿಕ ಸಾಧನೆಗಳಲ್ಲ. ಅವು ಪಾಠನಿರ್ಣಯದ ಕಾರ್ಯಗಳು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯ ಪರಿಚಯವುಳ್ಳ ಓದುಗರಿಗೆ ಇಲ್ಲಿನ ಸಮಸ್ಯೆಗಳು ಅಪರಿಚಿತವೆನಿಸಲಾರವು.

ಚಿತ್ರ ಮತ್ತು ಅದರ ಕಾಲ

ಪಿಟ್ಸ್‌ಬರ್ಗ್ ನಗರದಲ್ಲಿ ಜಾಹೀರಾತು ಚಿತ್ರಗಳನ್ನು ತಯಾರಿಸುತ್ತಿದ್ದ ಕೆಲವು ಗೆಳೆಯರು ‘ಇಮೇಜ್ ಟೆನ್’ ಎಂಬ ಸಂಸ್ಥೆಯನ್ನು ಕಟ್ಟಿಕೊಂಡು, ಸುಮಾರು 1,14,000 ಡಾಲರ್ ವೆಚ್ಚದಲ್ಲಿ ಈ ಚಿತ್ರವನ್ನು ನಿರ್ಮಿಸಿದರು. ಹಾಲಿವುಡ್‌ನ ಬೆಂಬಲ ಅವರಿಗಿರಲಿಲ್ಲ. 1967ರಲ್ಲಿ ಇವಾನ್ಸ್ ಸಿಟಿಯ ಸಮೀಪದ ಹಳೆಯ ತೋಟದ ಮನೆಯೊಂದರಲ್ಲಿ, 35 ಮಿ.ಮೀ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರೀಕರಣ ನಡೆಯಿತು. ಕಥೆ ಸರಳ. ಸತ್ತವರು ಎದ್ದು ಬಂದು ಬದುಕಿರುವವರನ್ನು ತಿನ್ನತೊಡಗುತ್ತಾರೆ. ಏಳು ಮಂದಿ ಒಂದು ಮನೆಯೊಳಗೆ ಸೇರಿ, ಹೊರಗಿನ ಶತ್ರುವಿನಿಂದಲೂ ತಮ್ಮೊಳಗಿನ ಜಗಳದಿಂದಲೂ ನಾಶವಾಗುತ್ತಾರೆ. ಶುಕ್ರಗ್ರಹದ ಸಮೀಪಕ್ಕೆ ಹೋಗಿ ಮರಳುತ್ತಿದ್ದ ಅನ್ವೇಷಕ ನೌಕೆಯೊಂದು ಹೊತ್ತುತಂದ ವಿಕಿರಣವೇ ಇದಕ್ಕೆ ಕಾರಣವಿರಬಹುದೆಂದು ಚಿತ್ರದೊಳಗಿನ ಟಿ.ವಿ. ವಾರ್ತೆಯಲ್ಲಿ ಚರ್ಚೆ ನಡೆಯುತ್ತದೆ. ರಿಚರ್ಡ್ ಮ್ಯಾಥೆಸನ್ ಅವರ ‘ಐ ಆಮ್ ಲೆಜೆಂಡ್’ (1954) ಕಾದಂಬರಿಯಿಂದ ರೊಮೆರೊ ಪ್ರೇರಣೆ ಪಡೆದಿದ್ದರು. ಭಯಾನಕ ಚಿತ್ರವೆಂದೇ ಪ್ರಸಿದ್ಧವಾದ ಈ ಕೃತಿಯ ಬೇರು ವೈಜ್ಞಾನಿಕ ಕಲ್ಪನೆಯಲ್ಲಿದೆ.

ನಾಯಕ ಬೆನ್‌ನ ಪಾತ್ರ ವಹಿಸಿದ ಡ್ವೇನ್ ಜೋನ್ಸ್ ಆಫ್ರಿಕನ್-ಅಮೆರಿಕನ್ ನಟ. ಚಿತ್ರಕಥೆಯಲ್ಲಿ ಆ ಪಾತ್ರದ ಜನಾಂಗದ ಉಲ್ಲೇಖವಿರಲಿಲ್ಲ. ಆದರೆ ಇಡೀ ರಾತ್ರಿ ಹೋರಾಡಿ ಬದುಕುಳಿದ ಕರಿಯನೊಬ್ಬನನ್ನು ಬೆಳಗಿನ ಜಾವ ಬಂದೂಕು ಹಿಡಿದು ಬಂದ ಬಿಳಿಯರ ಗುಂಪು ಶವವೆಂದು ಬಗೆದು ಗುಂಡಿಕ್ಕಿ ಕೊಲ್ಲುವ ಅಂತ್ಯವು 1968ರ ಅಮೆರಿಕದಲ್ಲಿ ತಾನಾಗಿಯೇ ಅರ್ಥ ಪಡೆಯಿತು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದದ್ದು ಅದೇ ವರ್ಷದ ಏಪ್ರಿಲ್ 4ರಂದು. ಚಿತ್ರ ಪಿಟ್ಸ್‌ಬರ್ಗ್‌ನಲ್ಲಿ ಮೊದಲು ತೆರೆಕಂಡದ್ದು ಅಕ್ಟೋಬರ್ 1ರಂದು. ಮಧ್ಯರಾತ್ರಿಯ ಪ್ರದರ್ಶನಗಳ ಮೂಲಕ ಅದು ನಿಷ್ಠಾವಂತ ಪ್ರೇಕ್ಷಕ ಬಳಗವೊಂದನ್ನು ಕಟ್ಟಿಕೊಂಡಿತು. 1999ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಯಲ್ಲಿ ಸ್ಥಾನ ಪಡೆಯಿತು.

ಒಂದು ಸಾಲಿನ ಲೋಪ

ಚಿತ್ರದ ಮೊದಲ ಹೆಸರು ‘ನೈಟ್ ಆಫ್ ದಿ ಫ್ಲೆಶ್ ಈಟರ್ಸ್’. ಅದನ್ನು ಹೋಲುವ ಹೆಸರಿನ ಚಿತ್ರವೊಂದು ಆಗಲೇ ಬಂದಿದ್ದುದರಿಂದ ಶೀರ್ಷಿಕೆ ಬದಲಾಯಿತು. ಹಕ್ಕುಸ್ವಾಮ್ಯದ ಸೂಚನೆ ಇದ್ದದ್ದು ಶೀರ್ಷಿಕೆಯ ಫಲಕದಲ್ಲೇ. ವಿತರಕರು ಹೊಸ ಫಲಕವನ್ನು ಜೋಡಿಸುವಾಗ ಸೂಚನೆಯ ಸಾಲು ಬಿಟ್ಟುಹೋಯಿತು. ಅಂದು ಜಾರಿಯಲ್ಲಿದ್ದ 1909ರ ಕಾನೂನಿನ ಪ್ರಕಾರ, ಸೂಚನೆಯಿಲ್ಲದೆ ಪ್ರಕಟವಾದ ಕೃತಿಗೆ ರಕ್ಷಣೆ ಇರಲಿಲ್ಲ. ಹೀಗಾಗಿ ಬಿಡುಗಡೆಯೊಡನೆಯೇ ಚಿತ್ರ ಸಾರ್ವಜನಿಕ ಸ್ವತ್ತಾಯಿತು.

ಹಸ್ತಪ್ರತಿಗಳಲ್ಲಿ ಲಿಪಿಕಾರನ ಕಣ್ಣು ಒಂದು ಸಾಲನ್ನು ಹಾರಿಸಿದರೆ ಆಗುವ ಹಾನಿ ಸಾಮಾನ್ಯವಾಗಿ ಆ ಪದ್ಯಕ್ಕೆ ಸೀಮಿತ. ಇಲ್ಲಿ ಬಿಟ್ಟುಹೋದ ಒಂದು ಸಾಲು ಇಡೀ ಕೃತಿಯ ಪ್ರಸಾರದ ಇತಿಹಾಸವನ್ನೇ ಬದಲಿಸಿತು. ಯಾರು ಬೇಕಾದರೂ ಪ್ರತಿ ತೆಗೆದು ಮಾರಬಹುದಾಗಿತ್ತು. ವಿ.ಎಚ್.ಎಸ್. ಕ್ಯಾಸೆಟ್ಟು, ಮುಂದೆ ಡಿ.ವಿ.ಡಿ. ಮನೆಗಳನ್ನು ಪ್ರವೇಶಿಸಿದಂತೆ ಅನೇಕ ಮಾರಾಟಗಾರರು ತಮ್ಮ ಕೈಗೆ ಸಿಕ್ಕ ಪ್ರಿಂಟಿನಿಂದ ಅದನ್ನು ಹೊರತಂದರು. ಚಿತ್ರದ ಖ್ಯಾತಿಗೆ ಇದರಿಂದ ಲಾಭವಾಯಿತು ಎಂಬುದನ್ನು ಅಲ್ಲಗಳೆಯಲಾಗದು. ಅಗ್ಗದ ಪ್ರತಿಗಳಿಲ್ಲದಿದ್ದರೆ ಅದು ಅಷ್ಟು ಮಂದಿಯನ್ನು ಮುಟ್ಟುತ್ತಿರಲಿಲ್ಲ. ಆದರೆ ಯಾರಿಗೂ ಏಕಸ್ವಾಮ್ಯವಿಲ್ಲದ ಕೃತಿಯನ್ನು ಹೆಚ್ಚು ಹಣ ತೊಡಗಿಸಿ ಶುದ್ಧಗೊಳಿಸಲು ವ್ಯಾಪಾರಿಗೆ ಕಾರಣವಿರುವುದಿಲ್ಲ. ಎಲ್ಲರ ಸ್ವತ್ತಾದುದು ಯಾರ ಹೊಣೆಯೂ ಆಗಿರಲಿಲ್ಲ.

ಪ್ರತಿಯಿಂದ ಪ್ರತಿಗೆ

ಫಿಲ್ಮಿನ ಪ್ರತಿಗಳಿಗೂ ಓಲೆಗರಿಯ ಪ್ರತಿಗಳಂತೆ ವಂಶವೃಕ್ಷವಿದೆ. ಕ್ಯಾಮೆರಾದೊಳಗೆ ಓಡಿ, ಬೆಳಕನ್ನು ನೇರವಾಗಿ ಪಡೆದ ನೆಗೆಟಿವ್ ಅದರ ಮೂಲ. ಅದರಿಂದ ಮಾಸ್ಟರ್ ಪಾಸಿಟಿವ್, ಅದರಿಂದ ನಕಲು ನೆಗೆಟಿವ್, ಅದರಿಂದ ಚಿತ್ರಮಂದಿರದ ಪ್ರಿಂಟು ಸಿದ್ಧವಾಗುತ್ತವೆ. ಹಳೆಯ ಪ್ರಿಂಟನ್ನೇ ಮತ್ತೆ ನಕಲು ಮಾಡಿದರೆ, ಅಥವಾ 16 ಮಿ.ಮೀ. ಅಳತೆಗೆ ಇಳಿಸಿದರೆ, ಸರಪಳಿ ಇನ್ನೂ ಉದ್ದವಾಗುತ್ತದೆ.

ಪ್ರತಿ ತಲೆಮಾರಿನಲ್ಲೂ ಎರಡು ಬದಲಾವಣೆಗಳು ತಪ್ಪದೆ ಸಂಭವಿಸುತ್ತವೆ. ಒಂದು, ಫಿಲ್ಮಿನ ಬೆಳ್ಳಿಯ ಕಣಗಳ ಮೇಲೆ ಹೊಸ ಫಿಲ್ಮಿನ ಕಣಗಳು ಕೂಡಿ ಚಿತ್ರ ಒರಟಾಗುತ್ತದೆ. ಎರಡು, ಬೆಳಕು ನೆರಳಿನ ಅಂತರ ಹೆಚ್ಚುತ್ತದೆ: ಬೂದುಬಣ್ಣದ ನಡುವಣ ಮೆಟ್ಟಿಲುಗಳು ಕರಗಿ, ನೆರಳೆಲ್ಲ ಮಸಿಯಾಗಿ, ಬೆಳಕೆಲ್ಲ ಬರಿಯ ಬಿಳುಪಾಗಿ ಉಳಿಯುತ್ತದೆ. ಇದಕ್ಕೆ ಪ್ರಿಂಟಿನ ಗೀರು, ದೂಳು, ತುಂಡಾದೆಡೆ ಕಳಚಿಹೋದ ಫ್ರೇಮುಗಳು ಸೇರುತ್ತವೆ. ಕೊನೆಗೆ ವಿಡಿಯೋ ಟೇಪಿಗೆ ವರ್ಗಾಯಿಸುವಾಗ, ಸೆಕೆಂಡಿಗೆ 24 ಫ್ರೇಮುಗಳ ಚಿತ್ರವನ್ನು ಅಮೆರಿಕದ ಟಿ.ವಿ. ಪದ್ಧತಿಯ ಸುಮಾರು 30ಕ್ಕೆ ಹೊಂದಿಸಲು ಕೆಲವು ಫ್ರೇಮುಗಳ ಭಾಗಗಳನ್ನು ಪುನರಾವರ್ತಿಸಬೇಕಾಗುತ್ತದೆ. ಚಲನೆ ನವಿರಾಗಿ ತಡವರಿಸುತ್ತದೆ.

ಇದರ ಪರಿಣಾಮ ಸೌಂದರ್ಯಕ್ಕಷ್ಟೇ ಸಂಬಂಧಿಸಿದ್ದಲ್ಲ, ಅರ್ಥಕ್ಕೂ ಸಂಬಂಧಿಸಿದ್ದು. ಚಿತ್ರದ ಬಹುಭಾಗ ರಾತ್ರಿಯಲ್ಲಿ, ಕೆಲವೇ ದೀಪಗಳ ಬೆಳಕಿನಲ್ಲಿ ನಡೆಯುತ್ತದೆ. ನೆರಳೆಲ್ಲ ಮಸಿಯಾದ ಪ್ರತಿಯಲ್ಲಿ ಮೊದಲು ಅಳಿಸಿಹೋಗುವುದು ಡ್ವೇನ್ ಜೋನ್ಸ್ ಅವರ ಮುಖಭಾವ. ಚಿತ್ರದ ಕೇಂದ್ರದಲ್ಲಿರುವ, ಯೋಚಿಸುತ್ತಿರುವ, ಅಳುಕುತ್ತಿರುವ ಮನುಷ್ಯ ಬರಿಯ ಆಕೃತಿಯಾಗಿಬಿಡುತ್ತಾನೆ.

ಇದಕ್ಕಿಂತ ಗಂಭೀರವಾದುದು ಅಂತ್ಯದ ಪಾಠ. ಬೆನ್ ಸತ್ತ ಮೇಲೆ ಚಿತ್ರ ಚಲಿಸುವುದನ್ನು ನಿಲ್ಲಿಸುತ್ತದೆ. ಅವನ ದೇಹವನ್ನು ಕೊಕ್ಕೆಗಳಿಂದ ಎಳೆದು ಚಿತೆಗೆ ಸಾಗಿಸುವುದನ್ನು ಸ್ಥಿರಚಿತ್ರಗಳ ಸರಣಿಯಲ್ಲಿ ತೋರಿಸಲಾಗಿದೆ; ಪತ್ರಿಕೆಯಲ್ಲಿ ಅಚ್ಚಾದ ಫೋಟೋಗಳಂತೆ ಅವನ್ನು ಬೇಕೆಂದೇ ಒರಟಾಗಿಸಲಾಗಿದೆ. ನಾವು ಹತ್ತಿರದಿಂದ ಬಲ್ಲ ವ್ಯಕ್ತಿಯೊಬ್ಬ ಕಣ್ಣೆದುರಿಗೇ ಸುದ್ದಿಯಾಗಿ, ದಾಖಲೆಯಾಗಿ, ಹೆಸರಿಲ್ಲದ ಶವವಾಗಿ ಮಾರ್ಪಡುವುದನ್ನು ಈ ಒರಟುತನವೇ ಹೇಳುತ್ತದೆ. ಆದರೆ ಇಡೀ ಚಿತ್ರವೇ ಒರಟಾಗಿರುವ ಪ್ರತಿಯಲ್ಲಿ ಈ ವ್ಯತ್ಯಾಸ ಕಾಣಿಸುವುದು ಹೇಗೆ? ಉದ್ದೇಶಪೂರ್ವಕವಾದ ಒರಟುತನವೂ ನಕಲಿನ ದೋಷವೂ ಒಂದೇ ಆಗಿ ತೋರುತ್ತವೆ. ಕಳಪೆ ಪ್ರತಿಯ ಮಸುಕು ಚಿತ್ರಕ್ಕೆ ಸಾಕ್ಷ್ಯಚಿತ್ರದ ಗುಣವನ್ನು ಕೊಡುತ್ತದೆಂದು ಮೆಚ್ಚಿಕೊಂಡವರುಂಟು. ಆ ಮೆಚ್ಚುಗೆಯ ಒಂದು ಪಾಲು ಲಿಪಿಕಾರನ ಸ್ಖಾಲಿತ್ಯವನ್ನು ಕವಿಯ ಪ್ರಯೋಗವೆಂದು ಹೊಗಳಿದಂತಹುದು.

ನೆಗೆಟಿವ್‌ನಿಂದ ಆರಂಭ

ಅದೃಷ್ಟವಶಾತ್ ಮೂಲ ಕ್ಯಾಮೆರಾ ನೆಗೆಟಿವ್ ಉಳಿದಿತ್ತು. ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯವೂ 1990ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ಸ್ಥಾಪಿಸಿದ ಫಿಲ್ಮ್ ಫೌಂಡೇಶನ್ ಸಂಸ್ಥೆಯೂ ಸೇರಿ, ಜಾರ್ಜ್ ಲೂಕಾಸ್ ಕುಟುಂಬ ಪ್ರತಿಷ್ಠಾನ ಮತ್ತು ಸೆಲೆಸ್ಟ್ ಬಾರ್ಟೋಸ್ ಚಲನಚಿತ್ರ ಸಂರಕ್ಷಣಾ ನಿಧಿಗಳ ನೆರವಿನಿಂದ ಪುನಃಸ್ಥಾಪನೆಯನ್ನು ಕೈಗೊಂಡವು. ನಿರ್ದೇಶಕ ರೊಮೆರೊ, ಸಹಲೇಖಕ ಜಾನ್ ರೂಸೊ, ಧ್ವನಿ ತಂತ್ರಜ್ಞ ಗ್ಯಾರಿ ಸ್ಟ್ರೈನರ್, ನಿರ್ಮಾಪಕ ರಸೆಲ್ ಸ್ಟ್ರೈನರ್ ಮೇಲ್ವಿಚಾರಣೆ ನಡೆಸಿದರು. 2016ರ ನವೆಂಬರಿನಲ್ಲಿ ವಸ್ತುಸಂಗ್ರಹಾಲಯದ ಉತ್ಸವದಲ್ಲಿ ಹೊಸ ಪ್ರತಿಯ ಪ್ರದರ್ಶನವಾಯಿತು. ವ್ಯಾಪಾರಿ ಮಾಡದ ಕೆಲಸವನ್ನು ಸಾರ್ವಜನಿಕ ಸಂಸ್ಥೆ ಮಾಡಬೇಕಾಯಿತೆಂಬುದು ಇಲ್ಲಿ ಗಮನಾರ್ಹ. 2017ರ ಜುಲೈನಲ್ಲಿ ರೊಮೆರೊ ತೀರಿಕೊಂಡರು. ಕೆಲಸ ಒಂದೆರಡು ವರ್ಷ ತಡವಾಗಿದ್ದರೆ ಅವರ ಸಾಕ್ಷ್ಯ ಅದಕ್ಕೆ ದೊರೆಯುತ್ತಿರಲಿಲ್ಲ.

ಮೊದಲ ಹೆಜ್ಜೆ ಸ್ಕ್ಯಾನಿಂಗ್. 4ಕೆ ಎಂದರೆ ಪ್ರತಿ ಫ್ರೇಮಿನ ಅಗಲದಲ್ಲಿ ಸುಮಾರು 4,000 ಬಿಂದುಗಳನ್ನು ದಾಖಲಿಸುವುದು. 96 ನಿಮಿಷಗಳ ಈ ಚಿತ್ರದಲ್ಲಿ ಸುಮಾರು 1,38,000 ಫ್ರೇಮುಗಳಿವೆ. ಕಪ್ಪು-ಬಿಳುಪು ಚಿತ್ರಗಳಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಬಣ್ಣದ ಫಿಲ್ಮಿನಲ್ಲಿ ಚಿತ್ರವನ್ನು ರೂಪಿಸುವ ವರ್ಣದ್ರವ್ಯಗಳ ಮೂಲಕ ಇನ್‌ಫ್ರಾರೆಡ್ ಕಿರಣ ಹಾದುಹೋಗುತ್ತದೆ. ದೂಳು ಮತ್ತು ಗೀರುಗಳು ಅದನ್ನು ತಡೆಯುತ್ತವೆ. ಆದ್ದರಿಂದ ಯಂತ್ರವೇ ದೋಷಗಳ ನಕ್ಷೆಯನ್ನು ಬರೆದುಕೊಡಬಲ್ಲದು. ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿ. ಬೆಳ್ಳಿಯೂ ಆ ಕಿರಣವನ್ನು ತಡೆಯುವುದರಿಂದ ಯಾವುದು ಚಿತ್ರ, ಯಾವುದು ಕಸ ಎಂಬ ವಿವೇಚನೆ ಯಂತ್ರಕ್ಕೆ ಈ ದಾರಿಯಲ್ಲಿ ಸಾಧ್ಯವಾಗುವುದಿಲ್ಲ. ಹಿಂದಿನ, ಮುಂದಿನ ಫ್ರೇಮುಗಳೊಡನೆ ಹೋಲಿಸಿ, ಒಂದರಲ್ಲಿ ಮಾತ್ರ ಇರುವ ಕಲೆಯನ್ನು ಗುರುತಿಸುವ ತಂತ್ರಾಂಶವನ್ನು ಬಳಸುವುದು ವಾಡಿಕೆ. ಅದರ ತೀರ್ಮಾನವನ್ನು ನುರಿತ ಕಣ್ಣೊಂದು ಮತ್ತೆ ಪರಿಶೀಲಿಸಬೇಕು; ಏಕೆಂದರೆ ಕತ್ತಲಲ್ಲಿ ಹಾರಿದ ಬೆಂಕಿಯ ಕಿಡಿಯೂ ಒಂದೇ ಫ್ರೇಮಿನಲ್ಲಿ ಕಾಣಿಸಿಕೊಂಡು ಮಾಯವಾಗಬಹುದು.

ಎಷ್ಟು ತೊಳೆಯಬೇಕು?

ಪುನಃಸ್ಥಾಪನೆಯನ್ನು ‘ಜೀರ್ಣೋದ್ಧಾರ’ ಎಂದು ಕರೆಯುವುದುಂಟು. ಆದರೆ ದೇವಾಲಯದ ಜೀರ್ಣೋದ್ಧಾರದಲ್ಲಿ ಹಳೆಯದನ್ನು ಹೊಸತಾಗಿಸುವುದಕ್ಕೆ ಅವಕಾಶವಿದೆ; ಪೂಜೆ ನಡೆಯುವುದು ಮುಖ್ಯ. ಚಿತ್ರದ ಪುನಃಸ್ಥಾಪನೆಯಲ್ಲಿ ಹೊಸತಾಗಿಸುವ ಆಸೆಯೇ ದೊಡ್ಡ ಅಪಾಯ. ಫಿಲ್ಮಿನ ಕಣಗಳನ್ನು ದೋಷವೆಂದು ಬಗೆದು ತಂತ್ರಾಂಶದಿಂದ ಒರೆಸಿಹಾಕಿದರೆ, ಅವುಗಳೊಡನೆ ಚರ್ಮದ ಸುಕ್ಕು, ಬಟ್ಟೆಯ ನೇಯ್ಗೆ, ಗೋಡೆಯ ಒರಟುತನವೂ ಹೋಗಿ, ಮುಖಗಳು ಮೇಣದ ಬೊಂಬೆಗಳಂತಾಗುತ್ತವೆ. ಕಣ ಎಂಬುದು ಚಿತ್ರದ ಮೇಲೆ ಕುಳಿತ ದೂಳಲ್ಲ, ಚಿತ್ರವಿರುವುದೇ ಕಣಗಳಲ್ಲಿ. ದೂಳು ಮತ್ತು ಗೀರುಗಳು ಪ್ರಸಾರದ ಹಾದಿಯಲ್ಲಿ ಅಂಟಿಕೊಂಡವು. ಕಣ ಮೂಲದಲ್ಲೇ ಇದ್ದದ್ದು. ಮೊದಲನೆಯದನ್ನು ತೆಗೆದು ಎರಡನೆಯದನ್ನು ಉಳಿಸಿಕೊಳ್ಳುವುದೇ ಸಂಪಾದಕನ ವಿವೇಕ.

ಅಗ್ಗದ ನಿರ್ಮಾಣದ ಗುರುತುಗಳ ವಿಷಯವೂ ಹೀಗೆಯೇ. ಚಿತ್ರೀಕರಣದ ವೇಳೆಯಲ್ಲೇ ಆದ ಬೆಳಕಿನ ಏರುಪೇರು, ಒಂದು ಶಾಟ್‌ನಿಂದ ಮತ್ತೊಂದಕ್ಕೆ ಕಾಣುವ ವ್ಯತ್ಯಾಸ, ಇವು ಕೃತಿಯ ಜನ್ಮದ ಗುರುತುಗಳು. ಕವಿಯ ವ್ಯಾಕರಣವನ್ನು ಸಂಪಾದಕ ತಿದ್ದುವುದಿಲ್ಲ.

ಧ್ವನಿಗೂ ಇದೇ ನಿಯಮ. ಚಿತ್ರದ ಸಂಗೀತ ಅದಕ್ಕೆಂದೇ ರಚಿತವಾದುದಲ್ಲ. ಸಿದ್ಧ ಸಂಗೀತದ ಸಂಗ್ರಹದಿಂದ ಆಯ್ದುಕೊಂಡದ್ದು. ಇಡೀ ಧ್ವನಿಪಥ ಮೋನೋ, ಅಂದರೆ ಒಂದೇ ವಾಹಿನಿಯದು. ಅದನ್ನು ಒಡೆದು ನಾಲ್ಕಾರು ಸ್ಪೀಕರುಗಳಿಗೆ ಹಂಚುವ ಪ್ರಲೋಭನೆಯನ್ನು ಬಿಟ್ಟು, ಮೋನೋ ಆಗಿಯೇ ಶುದ್ಧಗೊಳಿಸಲಾಯಿತು.

ಕರ್ತೃವಿನ ಕೈ

ಕರ್ತೃಗಳೇ ಮೇಲ್ವಿಚಾರಣೆ ನಡೆಸಿದರೆಂದ ಮೇಲೆ ಪಾಠದ ಶುದ್ಧಿಯ ಬಗ್ಗೆ ಸಂಶಯವೇಕೆ ಎನ್ನಬಹುದು. ಈ ಚಿತ್ರದ ಇತಿಹಾಸವೇ ಅದಕ್ಕೆ ಉತ್ತರ ಕೊಡುತ್ತದೆ. 1986ರಲ್ಲಿ ಹೊರಗಿನ ಸಂಸ್ಥೆಯೊಂದು ಚಿತ್ರಕ್ಕೆ ಬಣ್ಣ ಹಚ್ಚಿತು. ಅದನ್ನು ಪರಕೀಯರ ಕೈವಾಡವೆಂದು ತಳ್ಳಿಹಾಕುವುದು ಸುಲಭ. ಆದರೆ ಮೂವತ್ತನೆಯ ವರ್ಷದ ನೆನಪಿಗೆ ಹೊಸದಾಗಿ ಚಿತ್ರಿಸಿದ ದೃಶ್ಯಗಳನ್ನೂ ಹೊಸ ಸಂಗೀತವನ್ನೂ ಸೇರಿಸಿ ಹೊರತಂದ ಆವೃತ್ತಿಯ ನೇತೃತ್ವ ವಹಿಸಿದವರು ಸಹಲೇಖಕ ರೂಸೊ ಅವರೇ. ರೊಮೆರೊ ಅದರಲ್ಲಿ ಭಾಗಿಯಾಗಿರಲಿಲ್ಲ. ಕರ್ತೃಗಳಲ್ಲೊಬ್ಬನೇ ಮಾಡಿದ ಸೇರ್ಪಡೆ ಪ್ರಕ್ಷೇಪವೋ ಪರಿಷ್ಕರಣವೋ? 2016ರ ಪುನಃಸ್ಥಾಪನೆಯ ಮೇಲ್ವಿಚಾರಕರಲ್ಲಿ ಅದೇ ರೂಸೊ ಇದ್ದರೂ ಆ ದೃಶ್ಯಗಳು ಅದರೊಳಗೆ ಬರಲಿಲ್ಲ. ವ್ಯಕ್ತಿಯ ಅಧಿಕಾರಕ್ಕಿಂತ ‘1968ರ ಚಿತ್ರ’ ಎಂಬ ತತ್ತ್ವ ಇಲ್ಲಿ ಮೇಲಾಯಿತು. ಕರ್ತೃವಿನ ಸಾಕ್ಷ್ಯ ಅಮೂಲ್ಯ. ಆದರೆ ನೆಗೆಟಿವ್‌ನ ಸಾಕ್ಷ್ಯದ ಜೊತೆಗಿಟ್ಟು ತೂಗಬೇಕಾದ ಸಾಕ್ಷ್ಯ.

ಮನೆಯ ಪರದೆ

ಕ್ರೈಟೀರಿಯನ್ ಸಂಸ್ಥೆ 2018ರ ಫೆಬ್ರವರಿಯಲ್ಲಿ ಈ ಪಾಠವನ್ನು ಬ್ಲೂ-ರೇ ಮತ್ತು ಡಿ.ವಿ.ಡಿ. ರೂಪದಲ್ಲೂ 2022ರಲ್ಲಿ 4ಕೆ ಡಿಸ್ಕ್ ರೂಪದಲ್ಲೂ ಹೊರತಂದಿತು. ಡಿ.ವಿ.ಡಿ.ಯ ಒಂದು ಫ್ರೇಮು 720×480 ಬಿಂದುಗಳದು, ಬ್ಲೂ-ರೇ 1920×1080, 4ಕೆ ಡಿಸ್ಕ್ 3840×2160. ಬ್ಲೂ-ರೇಯಲ್ಲಿ ಸೆಕೆಂಡಿಗೆ 24 ಫ್ರೇಮುಗಳ ಮೂಲ ಲಯವನ್ನೇ ಇರಿಸಬಹುದು. ಮೋನೋ ಧ್ವನಿಯನ್ನು ಸಂಕೋಚಿಸದೆ ಕೊಡಲಾಗಿದೆ.

ಮನೆಯ ಆವೃತ್ತಿಗೆ ತನ್ನದೇ ಆದ ಕಷ್ಟಗಳಿವೆ. ದತ್ತಾಂಶವನ್ನು ಸಂಕೋಚಿಸುವ ತಂತ್ರ ನಿಂತಿರುವುದು ಒಂದು ಫ್ರೇಮಿನಿಂದ ಮುಂದಿನದಕ್ಕೆ ಬದಲಾಗದ ಭಾಗಗಳನ್ನು ಮತ್ತೆ ಬರೆಯದಿರುವುದರ ಮೇಲೆ. ಫಿಲ್ಮಿನ ಕಣವಾದರೋ ಪ್ರತಿ ಫ್ರೇಮಿನಲ್ಲೂ ಹೊಸತು. ಆದ್ದರಿಂದ ಕಣಗಳನ್ನು ನಿಷ್ಠೆಯಿಂದ ಉಳಿಸಿಕೊಳ್ಳಲು ಹೆಚ್ಚಿನ ದತ್ತಾಂಶ ಬೇಕು. ಅದನ್ನು ಕಡಿತಗೊಳಿಸಿದರೆ ಕತ್ತಲಿನ ದೃಶ್ಯಗಳು ಚೌಕಾಕಾರದ ತೇಪೆಗಳಾಗಿ ಒಡೆಯುತ್ತವೆ. ಡಿಸ್ಕ್‌ನಲ್ಲಿ ಚೆನ್ನಾಗಿ ಕಾಣುವ ಚಿತ್ರ ಇಂಟರ್ನೆಟ್ ಪ್ರಸಾರದಲ್ಲಿ ಸೊರಗುವುದಕ್ಕೆ ಇದೊಂದು ಕಾರಣ. ಕೊನೆಯ ಲಿಪಿಕಾರ ನಮ್ಮ ಟಿ.ವಿ.ಯೇ. ಚಲನೆಯನ್ನು ನುಣುಪಾಗಿಸಲೆಂದು ಅದು ಎರಡು ಫ್ರೇಮುಗಳ ನಡುವೆ ಎಂದೂ ಇಲ್ಲದಿದ್ದ ಫ್ರೇಮುಗಳನ್ನು ಸೃಷ್ಟಿಸಿ ಸೇರಿಸುತ್ತದೆ. ಪರದೆಯ ಎರಡೂ ಬದಿಗೆ ಕಾಣುವ ಕಪ್ಪು ಪಟ್ಟಿಗಳನ್ನು ತುಂಬಲೆಂದು 1.37:1 ಪ್ರಮಾಣದ ಚಿತ್ರವನ್ನು ಅಗಲಕ್ಕೆ ಎಳೆಯುವ ಸೌಲಭ್ಯವೂ ಅದರಲ್ಲಿರುತ್ತದೆ. ಈ ಎರಡೂ ಸೌಲಭ್ಯಗಳನ್ನು ನಿಲ್ಲಿಸಿದಾಗಲೇ ಪುನಃಸ್ಥಾಪನೆ ಪೂರ್ಣವಾಗುವುದು.

ಆದರೂ ವಿದ್ವಾಂಸನಿಗೆ ಚಿತ್ರಮಂದಿರಕ್ಕಿಂತ ಮನೆಯ ಆವೃತ್ತಿ ಮುಖ್ಯವೆನ್ನಬೇಕಾಗುತ್ತದೆ. ನಿಲ್ಲಿಸಿ, ಹಿಂದಕ್ಕೆ ಹೋಗಿ, ಹೋಲಿಸಿ ನೋಡುವುದು ಸಾಧ್ಯವಾಗುವುದು ಅಲ್ಲಿ ಮಾತ್ರ. ‘ನೈಟ್ ಆಫ್ ಅನೂಬಿಸ್’ ಎಂಬ ಹೆಸರಿನ, ಚಿತ್ರದ ಪೂರ್ವರೂಪವಾದ ಕರಡು ಸಂಕಲನವೂ ಇದೇ ಡಿಸ್ಕ್‌ನಲ್ಲಿ ಪ್ರತ್ಯೇಕವಾಗಿ ಲಭ್ಯ. ಅದನ್ನು ಮೂಲದೊಳಗೆ ಬೆರೆಸದೆ ಪಕ್ಕದಲ್ಲಿರಿಸಿರುವುದು ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಶಿಸ್ತಿನಂತಹುದೇ.

ನಮ್ಮ ಪಾಲಿಗೆ

ಈ ಕೆಲಸದಲ್ಲಿ ಪಾಲ್ಗೊಂಡ ಫಿಲ್ಮ್ ಫೌಂಡೇಶನ್ ಕನ್ನಡಕ್ಕೆ ಹೊರಗಿನದಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977), ಅದೂ ಕಪ್ಪು-ಬಿಳುಪು ಚಿತ್ರವೇ, ಆ ಸಂಸ್ಥೆಯ ವಿಶ್ವ ಸಿನಿಮಾ ಯೋಜನೆ ಮತ್ತು ಭಾರತದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ನಡೆಸಿದ ಪುನಃಸ್ಥಾಪನೆಯ ಬಳಿಕ 2024ರ ವೆನಿಸ್ ಚಲನಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ನಿರ್ದೇಶಕರ ಸಹಭಾಗಿತ್ವ ಅಲ್ಲಿಯೂ ಇತ್ತು. ಅಮೆರಿಕದ ಭಯಾನಕ ಚಿತ್ರವೂ ಮಲೆನಾಡಿನ ಅಗ್ರಹಾರದ ಕಥೆಯೂ ಒಂದೇ ಬಗೆಯ ಶುಶ್ರೂಷೆಯನ್ನು ಬೇಡಿದವೆಂಬುದು ಅರ್ಥಪೂರ್ಣ.

ರಾಜ್ಯದ ಗಡಿಯಾಚೆ ನೆಲೆಸಿರುವ ಕನ್ನಡಿಗರ ವಿಷಯದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಹಳೆಯ ಕನ್ನಡ ಚಿತ್ರ ಹತ್ತಿರದ ಚಿತ್ರಮಂದಿರಕ್ಕೆ ಬಾರದ ಊರಿನಲ್ಲಿ ಮನೆಯ ಪ್ರತಿಯೇ ಏಕೈಕ ಪ್ರತಿ. ಅದು ಕೆಟ್ಟಿದ್ದರೆ ಆ ಊರಿನ ಮಟ್ಟಿಗೆ ಕೃತಿಯೇ ಕೆಟ್ಟಂತೆ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿದುಬಂದ ಹಾಡು, ಪ್ರಸಂಗ, ಭಾಷಣಗಳ ಮುದ್ರಣಗಳಿಗೂ ಈ ಮಾತು ಸಲ್ಲುತ್ತದೆ. ಅವು ಎಲ್ಲರ ಬಳಿಯೂ ಇವೆ ಎಂಬ ನೆಮ್ಮದಿಯೇ ಅವುಗಳ ಮೊದಲ ಮುದ್ರಣವನ್ನು ಹುಡುಕದಿರಲು ಕಾರಣವಾಗಬಾರದು. ಕೈಗೆ ಬಂದ ಯಾವ ಪ್ರತಿಯನ್ನೇ ಆಗಲಿ ನಾಲ್ಕು ಪ್ರಶ್ನೆ ಕೇಳಬೇಕು: ಇದು ಯಾವುದರಿಂದ ಆದ ಪ್ರತಿ, ಇದನ್ನು ಮಾಡಿದವರು ಯಾರು, ಇದರಿಂದ ತೆಗೆದುಹಾಕಿದ್ದೇನು, ಇದಕ್ಕೆ ಸೇರಿಸಿದ್ದೇನು. ಮುದ್ರಿಸಿದವರು, ಹಾಡಿದವರು, ಮಾತನಾಡಿದವರು ಬದುಕಿರುವಾಗಲೇ ಈ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳುವುದು ಸಂಗ್ರಹಕಾರ್ಯದ ಮೊದಲ ಕರ್ತವ್ಯ.